ಹಿಡಿಯಲೂ ಬೇಕು, ಬಿಡಲೂ ಬೇಕು: ಸಿಮೆಂಟಿನೊಳಗಿನ ನಾರಿನ ಕಥೆ

ನಾರು ಬೆರೆಸಿದ ಸಿಮೆಂಟಿನ ಪಟ್ಟಿಯನ್ನು ಪ್ರಯೋಗಾಲಯದಲ್ಲಿ ಬಾಗಿಸಿ ಮುರಿದಾಗ, ಪಳಗಿದ ಕಣ್ಣು ಯಂತ್ರ ತೋರಿಸುವ ಅಂಕಿಗಿಂತ ಮೊದಲು ಮುರಿದ ಅಂಚನ್ನು ನೋಡುತ್ತದೆ. ಕೊಯ್ಲಾದ ರಾಗಿ ಹೊಲದ ಕೂಳೆಯಂತೆ ಅಂಚಿನ ತುಂಬ ನಾರು ಎದ್ದು ನಿಂತಿದ್ದರೆ ಒಂದು ಅರ್ಥ. ಕತ್ತಿಯಲ್ಲಿ ಕೊಯ್ದಂತೆ ಸಪಾಟಾಗಿದ್ದರೆ ಇನ್ನೊಂದು ಅರ್ಥ. ಎದ್ದು ನಿಂತ ನಾರು ಸಿಮೆಂಟಿನ ಹಿಡಿತದಿಂದ ಸ್ವಲ್ಪ ಸ್ವಲ್ಪವೇ ಜಾರಿ, ಉಜ್ಜಿಕೊಂಡು ಹೊರಬಂದದ್ದು. ಸಪಾಟಾದ ಅಂಚಿನಲ್ಲಿ ನಾರು ಇದ್ದಲ್ಲೇ ಪಟಕ್ಕನೆ ತುಂಡಾಗಿದೆ. ಮೊದಲನೆಯ ಪಟ್ಟಿ ಮುರಿಯುವ ಮುನ್ನ ಬಾಗುತ್ತದೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳನ್ನು ತೋರಿಸಿ ಎಚ್ಚರಿಸುತ್ತದೆ. ಎರಡನೆಯದು ಹಂಚಿನಂತೆ ಒಡೆಯುತ್ತದೆ.

ಈ ವ್ಯತ್ಯಾಸ ನಿರ್ಧಾರವಾಗುವುದು ನಾರಿನ ಮೈಯ ಅಣುಗಳೂ ಸಿಮೆಂಟಿನ ಅಣುಗಳೂ ಒಂದನ್ನೊಂದು ತಾಗುವ ಜಾಗದಲ್ಲಿ. ಕಾರ್ಖಾನೆಗಳು ಸಿಮೆಂಟಿಗೆ ನಾರು ಬೆರೆಸತೊಡಗಿ ನೂರಿಪ್ಪತ್ತು ವರ್ಷಗಳು ಮಿಕ್ಕಿವೆ. ಅಷ್ಟು ದೂರದಿಂದ ಹಿಂತಿರುಗಿ ನೋಡುವಾಗ ನಮಗೆ ಒಂದು ಸಂಗತಿ ಬಲವಾಗಿ ಕಾಣುತ್ತದೆ. ಬಹುಕಾಲ ಎಲ್ಲರೂ ಹುಡುಕಿದ್ದು ಗಟ್ಟಿ ಹಿಡಿತವನ್ನು. ಆದರೆ ದೊಡ್ಡ ಸೋಲುಗಳು ಬಂದದ್ದು ಹಿಡಿತ ಅತಿಯಾದಾಗ. ನಾರು ಎಷ್ಟು ಹಿಡಿಯಬೇಕೋ ಅಷ್ಟು ಹಿಡಿದು, ಬಿಡಬೇಕಾದ ಹೊತ್ತಿಗೆ ಬಿಡುವಂತೆ ಮಾಡುವ ವಿದ್ಯೆ ಕೈಗೆ ಬಂದು ಮೂವತ್ತು ವರ್ಷವೂ ಸರಿಯಾಗಿ ತುಂಬಿಲ್ಲ.

ನೀರು ಸೋಕಿದ ಸಿಮೆಂಟಿನೊಳಗೆ ಆಗುವುದನ್ನು ಮೊದಲು ನೋಡೋಣ. ‘ಸಿಮೆಂಟ್ ಒಣಗಿತು’ ಎಂದು ನಾವು ಹೇಳುತ್ತೇವಾದರೂ ಅದು ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ. ನೀರನ್ನು ಒಳಗೆ ಎಳೆದುಕೊಂಡು ಹೊಸ ವಸ್ತುವಾಗಿ ಬದಲಾಗುವುದರಿಂದ. ಅದಕ್ಕೇ ಗಾರೆ ಕೆಲಸದವರು ಗೋಡೆಗೆ ದಿನಗಟ್ಟಲೆ ನೀರು ಹಾಕಿಸುವುದು. ಆ ಹೊಸ ವಸ್ತುವಿನಲ್ಲಿ ಮುಖ್ಯವಾದುದು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಈ ವಿಷಯದವರು ಅದನ್ನು ಸಿ-ಎಸ್-ಎಚ್ ಎನ್ನುತ್ತಾರೆ. ಕ್ಯಾಲ್ಸಿಯಂ ಮತ್ತು ಆಮ್ಲಜನಕದ ಪದರಗಳು, ಅವುಗಳ ಎರಡೂ ಮೈಗೆ ಅಂಟಿದ ಸಿಲಿಕೇಟ್ ಸರಪಳಿಗಳು, ಪದರಗಳ ನಡುವೆ ನೀರು ಮತ್ತು ಬಿಡಿ ಕ್ಯಾಲ್ಸಿಯಂ ಅಯಾನುಗಳು, ಇದು ಅದರ ರಚನೆ. ಸರಪಳಿಗಳು ಉದ್ದಕ್ಕೂ ಪೂರ್ಣವಾಗಿರುವುದಿಲ್ಲ, ನಡುನಡುವೆ ಕೊಂಡಿ ಕಳೆದುಕೊಂಡಿರುತ್ತವೆ. ಹಾಗೆ ತೆರೆದುಕೊಂಡ ತುದಿಗಳಲ್ಲಿ ಋಣ ವಿದ್ಯುದಂಶ ಉಳಿಯುತ್ತದೆ. ಜೊತೆಗೆ ಸುಣ್ಣದ ಹರಳುಗಳು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಧಾರಾಳವಾಗಿ ಬೆಳೆಯುತ್ತವೆ. ಸಣ್ಣ ರಂಧ್ರಗಳಲ್ಲಿ ಉಳಿದ ನೀರು ತೀಕ್ಷ್ಣ ಕ್ಷಾರ. ಅದರ ಪಿಎಚ್ 12.5ರಿಂದ 13.5ರವರೆಗೆ ಇರುತ್ತದೆ. ನಾರು ಯಾವುದೇ ಇರಲಿ, ಬಾಳಬೇಕಾದದ್ದು ಈ ಕ್ಷಾರದಲ್ಲೇ.

ಇಲ್ಲಿ ನಾರು ಸಿಮೆಂಟಿಗೆ ಅಂಟಿಕೊಳ್ಳಲು ಮೂರು ದಾರಿಗಳಿವೆ. ನಾರಿನ ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿದ್ದರೆ ಅವು ಸಿಮೆಂಟಿನ ಪದರಗಳೊಡನೆ, ಅಲ್ಲಿನ ನೀರಿನೊಡನೆ ಹೈಡ್ರೋಜನ್ ಬಂಧ ಕಟ್ಟುತ್ತವೆ. ಎರಡೂ ಮೈ ಋಣವಾಗಿದ್ದರೆ, ಎರಡು ಧನಾಂಶವಿರುವ ಕ್ಯಾಲ್ಸಿಯಂ ಅಯಾನು ಮಧ್ಯೆ ನಿಂತು ಆಚೆಯ ಆಮ್ಲಜನಕವನ್ನೂ ಈಚೆಯ ಆಮ್ಲಜನಕವನ್ನೂ ಹಿಡಿದುಕೊಳ್ಳುತ್ತದೆ. ಈ ಬೆಸುಗೆ ಹೈಡ್ರೋಜನ್ ಬಂಧಕ್ಕಿಂತ ಬಲವಾದದ್ದು. ಇವೆರಡೂ ಇಲ್ಲದ ಕಡೆ ಉಳಿಯುವುದು ಬರಿಯ ಉಜ್ಜಾಟ, ಮೈಯ ಉಬ್ಬುತಗ್ಗುಗಳ ತಡೆ, ಮತ್ತು ಅಣುಗಳ ನಡುವಿನ ದುರ್ಬಲ ಸೆಳೆತ.

ಮಣ್ಣಿನ ಗೋಡೆಗೆ ಹುಲ್ಲು ಹಾಕಿ ತುಳಿದವರಿಗೆ ಈ ರಸಾಯನ ಗೊತ್ತಿರಲಿಲ್ಲ. ಬಿರುಕು ಹಬ್ಬದಂತೆ ತಡೆಯುವುದು ಗೊತ್ತಿತ್ತು. ಅದೇ ತಿಳಿವಳಿಕೆಯನ್ನು ಯಂತ್ರಕ್ಕೆ ಏರಿಸಿದವನು ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್. ಕಾಗದ ಮಾಡುವ ಯಂತ್ರವನ್ನೇ ಬಳಸಿ, ಕಲ್ನಾರು ಮತ್ತು ಸಿಮೆಂಟನ್ನು ನೀರಿನಲ್ಲಿ ಕಲಸಿ, ಸುತ್ತುವ ಜರಡಿಯ ಮೇಲೆ ಪದರ ಪದರವಾಗಿ ಎತ್ತಿ ಹಾಳೆ ಮಾಡುವ ವಿಧಾನಕ್ಕೆ 1901ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಶಾಶ್ವತ ಎಂಬ ಅರ್ಥದ ಲ್ಯಾಟಿನ್ ಪದದಿಂದ ತನ್ನ ಸರಕಿಗೆ ಎಟರ್ನಿಟ್ ಎಂದು ಹೆಸರಿಟ್ಟ. ನಮ್ಮ ಊರುಗಳಲ್ಲಿ ‘ಶೀಟ್ ಮನೆ’ ಎಂದು ಕರೆಸಿಕೊಳ್ಳುವ ಲಕ್ಷಾಂತರ ಮನೆ, ಕೊಟ್ಟಿಗೆ, ಗೋದಾಮು, ಶಾಲೆಯ ಅಡುಗೆಕೋಣೆಗಳ ಮಾಡು ಆ ಯಂತ್ರದ ವಂಶದ್ದು.

ಕಲ್ನಾರಿನಷ್ಟು ಸಹಜವಾಗಿ ಸಿಮೆಂಟಿಗೆ ಒಗ್ಗಿದ ನಾರು ಮತ್ತೊಂದು ಸಿಕ್ಕಿಲ್ಲ. ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್, ಮೆಗ್ನೀಸಿಯಂ ಸಿಲಿಕೇಟಿನ ಪದರ ಚಾಪೆಯಂತೆ ಸುರುಳಿ ಸುತ್ತಿಕೊಂಡ ಕೊಳವೆ. ಒಂದು ಕೊಳವೆಯ ದಪ್ಪ ಸುಮಾರು 25 ನ್ಯಾನೋಮೀಟರ್. ಸುರುಳಿಯ ಹೊರಮೈಯಲ್ಲಿ ಇರುವುದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಪದರ. ಸಿಮೆಂಟಿನೊಳಗಿನ ಸುಣ್ಣಕ್ಕೆ ಅದು ಹತ್ತಿರದ ನೆಂಟ. ಹೈಡ್ರಾಕ್ಸಿಲ್ ತುಂಬಿದ ಆ ಮೈ ನೀರನ್ನು ಪ್ರೀತಿಸುತ್ತದೆ, ಕ್ಷಾರಕ್ಕೆ ಜಗ್ಗುವುದಿಲ್ಲ, ಸಿಮೆಂಟಿನ ಕಣಗಳನ್ನು ನೀರಿನೊಡನೆ ಹರಿದುಹೋಗದಂತೆ ಹಿಡಿದಿಡುತ್ತದೆ. ಇಷ್ಟು ಸಣ್ಣ ನಾರಿನಲ್ಲಿ ಮೈಯ ವಿಸ್ತಾರ ಅಗಾಧ. ಹಾಗಾಗಿ ಹಿಡಿತವೂ ಅಗಾಧ.

ಉದ್ದಕ್ಕೂ ಸೀಳಿ ಸೀಳಿ ಇನ್ನಷ್ಟು ಸಣ್ಣದಾಗುವ ಈ ಗುಣವೇ ಮನುಷ್ಯನ ಶ್ವಾಸಕೋಶಕ್ಕೆ ಮಾರಕವಾಯಿತು. ಗಾಳಿಗೂಡುಗಳ ತನಕ ಇಳಿಯುವ ಉದ್ದನೆಯ ಎಳೆಯನ್ನು ದೇಹದ ಕಾವಲು ಕೋಶಗಳು ನುಂಗಲಾರವು. ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರಿನ ಗಣಿ ಪ್ರದೇಶದ ಜನರಲ್ಲಿ ಮೀಸೊಥೀಲಿಯೋಮಾ ಎಂಬ ಕ್ಯಾನ್ಸರನ್ನು ಕ್ರಿಸ್ಟೋಫರ್ ವ್ಯಾಗ್ನರ್ ಮತ್ತು ಜೊತೆಗಾರರು ದಾಖಲಿಸಿದ್ದು 1960ರಲ್ಲಿ. ರೋಗ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯುತ್ತದೆ. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು, ಯುರೋಪಿನ ಒಕ್ಕೂಟದಲ್ಲಿ 2005ರಿಂದ ನಿಷೇಧ ಪೂರ್ತಿಯಾಯಿತು. ನಮ್ಮ ಸುಪ್ರೀಂ ಕೋರ್ಟು 1995ರ ತೀರ್ಪಿನಲ್ಲಿ, ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಆದರೂ ಹೊರದೇಶದ ಕಲ್ನಾರು ಬರುತ್ತಲೇ ಇದೆ, ಶೀಟುಗಳಾಗಿ ಮಾರಾಟವಾಗುತ್ತಲೇ ಇದೆ. ಅಗ್ಗದ ಮಾಡು ಬಡವರಿಗೆ ಬೇಕು ಎಂಬ ವಾದ ನಮಗೆ ಅರ್ಥವಾಗುತ್ತದೆ. ಆದರೆ ಹಳೆಯ ಶೀಟನ್ನು ಒಣಗಿದ್ದಾಗಲೇ ಕೊರೆಯುವ, ಒಡೆದು ರಸ್ತೆಯ ಗುಂಡಿಗೆ ಸುರಿಯುವ ಕೂಲಿಯವನೂ ಬಡವನೇ ಅಲ್ಲವೇ? ಅವನ ಕೈಗೆ ಒಂದು ಮುಖಗವಸು, ಶೀಟಿಗೆ ಒಂದು ಬಿಂದಿಗೆ ನೀರು ಎಂಬಷ್ಟೂ ಎಚ್ಚರಿಕೆ ನಮ್ಮಲ್ಲಿ ರೂಢಿಯಾಗಿಲ್ಲ.

ಆಮೇಲಿನ ನಾರುಗಳ ಚರಿತ್ರೆಯೆಲ್ಲ ಒಂದು ಲೆಕ್ಕದಲ್ಲಿ ಕಲ್ನಾರಿನ ಹಿಡಿತವನ್ನು ಅದರ ವಿಷವಿಲ್ಲದೆ ಪಡೆಯುವ ಪ್ರಯತ್ನ.

ಉಕ್ಕಿನ ದಾರಿ ಮಾತ್ರ ಸ್ವಲ್ಪ ಬೇರೆ. 1963ರಲ್ಲಿ ಅಮೆರಿಕದ ಜೇಮ್ಸ್ ರೊಮುವಾಲ್ಡಿ ಮತ್ತು ಗಾರ್ಡನ್ ಬ್ಯಾಟ್ಸನ್, ಹತ್ತಿರ ಹತ್ತಿರ ಇಟ್ಟ ಸಣ್ಣ ತಂತಿಗಳು ಕಾಂಕ್ರೀಟಿನ ಬಿರುಕನ್ನು ತಡೆದು ನಿಲ್ಲಿಸಬಲ್ಲವು ಎಂದು ತೋರಿಸಿದರು. ಆದರೆ ಉಕ್ಕಿನ ನುಣುಪು ಮೈಗೂ ಸಿಮೆಂಟಿಗೂ ಇರುವ ರಾಸಾಯನಿಕ ಅಂಟು ಕೂದಲೆಳೆಯಷ್ಟು ಜಾರಿದರೂ ಮುಗಿದುಹೋಗುತ್ತದೆ. ನಾರಿನ ಮಗ್ಗುಲಲ್ಲಿ ಸಿಮೆಂಟಿನ ಕಣಗಳು ಒತ್ತಾಗಿ ಕೂರಲಾರವು. ಆ ಸಂದಿಯಲ್ಲಿ ನೀರು ಹೆಚ್ಚು, ಸುಣ್ಣದ ದೊಡ್ಡ ಹರಳು ಹೆಚ್ಚು, ರಂಧ್ರ ಹೆಚ್ಚು. ಇಪ್ಪತ್ತರಿಂದ ಐವತ್ತು ಮೈಕ್ರೋಮೀಟರ್ ದಪ್ಪದ ಈ ಸಡಿಲ ಪಟ್ಟಿಯಲ್ಲೇ ಬಿರುಕು ಓಡುತ್ತದೆ. ಸಿಲಿಕಾ ಫ್ಯೂಮ್‌ನಂಥ ಅತಿನುಣುಪಾದ ಪುಡಿಯಿಂದ ಅದನ್ನು ತುಂಬುವುದು ಒಂದು ಉಪಾಯ. ಇನ್ನೊಂದು, ತಂತಿಯ ತುದಿಯನ್ನೇ ಕೊಕ್ಕೆಯಂತೆ ಬಗ್ಗಿಸಿಬಿಡುವುದು. ಹೊರಗೆ ಎಳೆಯುವಾಗ ಕೊಕ್ಕೆ ನೇರವಾಗಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಕಾರ್ಖಾನೆಯ ನೆಲ, ಸುರಂಗದ ಒಳಗೋಡೆಗಳಲ್ಲಿ ಇಂದು ಬಳಕೆಯಲ್ಲಿರುವುದು ಈ ಕೊಕ್ಕೆಯೇ. ಅಣುಗಳಿಂದ ಆಗದ್ದನ್ನು ಆಕಾರದಿಂದ ಸಾಧಿಸಿದ್ದು ಅದು.

ಗಾಜಿನ ಕಥೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಗಾಜೂ ಸಿಲಿಕೇಟ್, ಸಿಮೆಂಟೂ ಸಿಲಿಕೇಟ್. ಒಂದಕ್ಕೊಂದು ಹೊಂದಬೇಕು ಎಂದು ತೋರುವುದು ಸಹಜ. ಆದರೆ ಸಿಮೆಂಟಿನ ಕ್ಷಾರದಲ್ಲಿರುವ ಹೈಡ್ರಾಕ್ಸಿಲ್ ಅಯಾನುಗಳು ಗಾಜಿನ ಸಿಲಿಕಾನ್–ಆಮ್ಲಜನಕ–ಸಿಲಿಕಾನ್ ಜಾಲವನ್ನೇ ಕತ್ತರಿಸುತ್ತವೆ. ಸಾಮಾನ್ಯ ಗಾಜಿನ ನಾರು ಸಿಮೆಂಟಿನೊಳಗೆ ತೆಳುವಾಗುತ್ತ ಸವೆದುಹೋಗುತ್ತದೆ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ ಎ. ಜೆ. ಮಜುಂದಾರ್ 1960ರ ದಶಕದ ಕೊನೆಯಲ್ಲಿ ಇದಕ್ಕೊಂದು ಉತ್ತರ ಕಂಡುಕೊಂಡರು. ಗಾಜಿಗೆ ಶೇಕಡ 16ರಷ್ಟು ಜಿರ್ಕೋನಿಯಾ ಬೆರೆಸಿದರೆ ಅದರ ಮೈ ಕ್ಷಾರಕ್ಕೆ ಬಹಳ ನಿಧಾನವಾಗಿ ಮಾತ್ರ ಸೋಲುತ್ತದೆ. 1971ರಲ್ಲಿ ಪಿಲ್ಕಿಂಗ್‌ಟನ್ ಕಂಪನಿ ಅದನ್ನು ಸೆಮ್‌ಫಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಟ್ಟಡಗಳ ಮುಂಬದಿಯ ತೆಳು ಹಲಗೆಗಳು, ಜಾಲಂದ್ರಗಳು, ಅಲಂಕಾರದ ಕಂಬಗಳು, ಜಗತ್ತಿನಾದ್ಯಂತ ಬಂದವು. ನಮ್ಮಲ್ಲಿ ಜಿಆರ್‌ಸಿ ಎಂದು ಕರೆಯುವುದು ಇದನ್ನೇ.

ಕ್ಷಾರದ ಸಮಸ್ಯೆ ಬಗೆಹರಿಯಿತು ಎಂದುಕೊಂಡ ಮೇಲೂ, ಮಳೆಗೆ ಬಿಟ್ಟ ಹಲಗೆಗಳು ವರ್ಷಗಳು ಉರುಳಿದಂತೆ ಪೆಡಸಾದವು. ಗಾಜು ಕರಗಿರಲಿಲ್ಲ. ಹಾಗಾದರೆ ಆದದ್ದೇನು? ಒಂದೊಂದು ಗಾಜಿನ ಎಳೆಯೂ ಸುಮಾರು ಇನ್ನೂರು ಸಣ್ಣ ತಂತುಗಳ ಕಟ್ಟು. ಹೊಸದರಲ್ಲಿ ಸಿಮೆಂಟು ಕಟ್ಟಿನ ಹೊರ ತಂತುಗಳನ್ನಷ್ಟೇ ಹಿಡಿದಿರುತ್ತದೆ. ಒಳಗಿನವು ಒಂದರ ಮೇಲೊಂದು ಜಾರುತ್ತವೆ, ಕಟ್ಟು ಬಾಗುತ್ತದೆ, ಬಿರುಕಿಗೆ ಸಾವರಿಸಿಕೊಂಡು ನಿಲ್ಲುತ್ತದೆ. ತೇವ ಇರುವಷ್ಟು ಕಾಲ ಸಿಮೆಂಟಿನ ರಸಾಯನ ನಿಲ್ಲುವುದಿಲ್ಲ. ಸುಣ್ಣದ ಹರಳುಗಳು ತಂತುಗಳ ನಡುವಿನ ಸಂದಿಗಳಲ್ಲಿ ಬೆಳೆಯುತ್ತವೆ. ಕೆಲವು ವರ್ಷಗಳಲ್ಲಿ ಕಟ್ಟಿನ ಒಳಭಾಗವೆಲ್ಲ ಸುಣ್ಣಗಟ್ಟಿ, ಒಂದು ತಂತೂ ಅಲುಗದಂತೆ ಆಗುತ್ತದೆ. ಬಿರುಕು ಬಂದ ಕ್ಷಣದಲ್ಲಿ ಇನ್ನೂರೂ ಒಟ್ಟಿಗೆ ತುಂಡಾಗುತ್ತವೆ. ಹಿಡಿತ ಹೆಚ್ಚಿತು, ಹಲಗೆ ಸತ್ತಿತು. ಸುಣ್ಣವನ್ನು ನುಂಗಿ ಇನ್ನಷ್ಟು ಸಿ-ಎಸ್-ಎಚ್ ಮಾಡುವ ಮೆಟಾಕೇಯೊಲಿನ್, ಹಾರುಬೂದಿ, ಸಿಲಿಕಾ ಫ್ಯೂಮ್ ಬೆರೆಸುವ ಪದ್ಧತಿ ಇಲ್ಲಿಂದಲೇ ಬಲವಾಯಿತು. ಕಟ್ಟಡ ವಿಜ್ಞಾನಕ್ಕೆ ಈ ಸೋಲು ಕೊಟ್ಟ ಪಾಠ ಗೆಲುವುಗಳಿಗಿಂತ ದೊಡ್ಡದು ಎಂದು ನಾವು ನಂಬಿದ್ದೇವೆ.

ಪಾಲಿಪ್ರೊಪಿಲೀನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಸರಪಳಿಯಲ್ಲಿ ಇಂಗಾಲ, ಜಲಜನಕ ಬಿಟ್ಟರೆ ಏನೂ ಇಲ್ಲ. ನೀರು ಅದರ ಮೈಯಿಂದ ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರುತ್ತದೆ, ಸಿಮೆಂಟಿನೊಡನೆ ರಾಸಾಯನಿಕ ಬೆಸುಗೆ ಇಲ್ಲವೆಂದೇ ಹೇಳಬೇಕು. ಆದರೂ ಹಸಿ ಕಾಂಕ್ರೀಟಿನ ಸಣ್ಣ ಬಿರುಕು ತಡೆಯಲು, ಮತ್ತು ಬೆಂಕಿಯಲ್ಲಿ, ಅದು ಉಪಕಾರಿ. ಸುಮಾರು 165 ಡಿಗ್ರಿಗೆ ಕರಗಿ ದಾರಿ ಬಿಡುವುದರಿಂದ ಒಳಗಿನ ಆವಿ ಹೊರಹೋಗುತ್ತದೆ, ಕಾಂಕ್ರೀಟ್ ಸಿಡಿಯುವುದು ತಪ್ಪುತ್ತದೆ. ಇಂಗ್ಲಿಷ್ ಕಡಲ್ಗಾಲುವೆಯ ಸುರಂಗದಲ್ಲಿ 1996ರಲ್ಲಿ ಬೆಂಕಿ ಬಿದ್ದು ಒಳಗೋಡೆ ಸಿಡಿದ ನಂತರ ಈ ಗುಣಕ್ಕೆ ಬೆಲೆ ಬಂತು.

ನಮ್ಮ ಮನಸ್ಸು ಹೆಚ್ಚು ನಿಲ್ಲುವುದು ಪಾಲಿವಿನೈಲ್ ಆಲ್ಕೋಹಾಲ್ ನಾರಿನ ಬಳಿ. 1939ರಲ್ಲಿ ಕ್ಯೋಟೋದಲ್ಲಿ ಇಚಿರೊ ಸಾಕುರಾಡಾ ಮತ್ತು ಕೊರಿಯಾದ ರಸಾಯನವಿಜ್ಞಾನಿ ಲೀ ಸುಂಗ್-ಗಿ ಅದನ್ನು ಬಟ್ಟೆಗೆಂದು ಮಾಡಿದರು. ಯುದ್ಧಾನಂತರ ಜಪಾನಿನಲ್ಲಿ 1950ರಲ್ಲಿ ಅದರ ವಾಣಿಜ್ಯ ಉತ್ಪಾದನೆ ಶುರುವಾಯಿತು. ಲೀ ಉತ್ತರ ಕೊರಿಯಾಕ್ಕೆ ಹೋದರು, ಅಲ್ಲಿ ಅದು ವಿನಾಲೋನ್ ಎಂಬ ಹೆಸರಿನಲ್ಲಿ ನಾಡಿನ ಬಟ್ಟೆಯೇ ಆಯಿತು. ಸಿಮೆಂಟಿಗೂ ಅದಕ್ಕೂ ಸಂಬಂಧ ಬೆಳೆದದ್ದು ಯುರೋಪು ಕಲ್ನಾರಿಗೆ ಬದಲಿ ಹುಡುಕುತ್ತಿದ್ದ ಕಾಲದಲ್ಲಿ. ಇದರ ಸರಪಳಿಯ ಒಂದು ಇಂಗಾಲ ಬಿಟ್ಟು ಇನ್ನೊಂದಕ್ಕೆ ಒಂದೊಂದು ಹೈಡ್ರಾಕ್ಸಿಲ್ ತೂಗುತ್ತದೆ. ನೀರಿಗೆ, ಸುಣ್ಣಕ್ಕೆ, ಸಿಲಿಕೇಟಿಗೆ ಅದು ಕೈ ಚಾಚಿಕೊಂಡೇ ನಿಂತಿದೆ. ಹೈಡ್ರೋಜನ್ ಬಂಧ, ಕ್ಯಾಲ್ಸಿಯಂ ಬೆಸುಗೆ ಎರಡೂ ಇಲ್ಲಿ ಸಿಗುತ್ತವೆ. ನಾರಿನ ಸುತ್ತ ಸುಣ್ಣದ ತೆಳುಪದರವೊಂದು ಗಟ್ಟಿಯಾಗಿ ಕೂರುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಲೀ 1990ರ ದಶಕದಿಂದ ಬಾಗುವ ಕಾಂಕ್ರೀಟಿನ ಮೇಲೆ ದುಡಿಯುತ್ತಿದ್ದರು. ಮೊದಲು ಬಲವಾದ ಪಾಲಿಥಿಲೀನ್ ನಾರು ಬಳಸಿದರು, ಅದು ದುಬಾರಿ. ಪಾಲಿವಿನೈಲ್ ಆಲ್ಕೋಹಾಲಿಗೆ ತಿರುಗಿದಾಗ ಎದುರಾದದ್ದು ಅತಿಯಾದ ಅಂಟು. 39 ಮೈಕ್ರೋಮೀಟರ್ ದಪ್ಪದ ನಾರು ಸಿಮೆಂಟಿನಿಂದ ಕಳಚಿಕೊಳ್ಳಲು ಒಲ್ಲದೆ ತಾನೇ ತುಂಡಾಗುತ್ತಿತ್ತು. ಸ್ವಲ್ಪ ಕಳಚಿದರೂ, ಜಾರುವಾಗ ಮೈ ಕೆರೆದುಕೊಂಡು ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಅವರು ಮಾಡಿದ್ದು ನಾರಿಗೆ ಎಣ್ಣೆ ಹಚ್ಚುವುದು. ನಾರಿನ ತೂಕದ ಶೇಕಡ 1.2ರಷ್ಟು ಎಣ್ಣೆ. 2002ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ, ಎಣ್ಣೆಯ ತೆಳುಲೇಪ ಹೈಡ್ರಾಕ್ಸಿಲ್‌ಗಳಲ್ಲಿ ಕೆಲವನ್ನು ಮುಚ್ಚಿ ಕೆಲವನ್ನು ಬಿಟ್ಟಿತು. ಹಿಡಿತ ಹದಕ್ಕೆ ಬಂತು. ಆ ಪ್ರಮಾಣ ಮುಟ್ಟುವವರೆಗೆ ಎಣ್ಣೆ ಹೆಚ್ಚಾದಷ್ಟೂ ಪಟ್ಟಿ ಮುರಿಯುವ ಮುನ್ನ ಹಿಗ್ಗುವುದೂ ಏರುತ್ತ ಹೋಯಿತು. ಸಾಮಾನ್ಯ ಕಾಂಕ್ರೀಟು ಎಳೆತಕ್ಕೆ ಶೇಕಡ 0.01ರಷ್ಟು ಹಿಗ್ಗಿದರೆ ಒಡೆಯುತ್ತದೆ. ಗಾತ್ರದಲ್ಲಿ ಶೇಕಡ 2ರಷ್ಟು ನಾರಿರುವ ಈ ಸಿಮೆಂಟು ಶೇಕಡ 3ರಿಂದ 5ರವರೆಗೆ ಹಿಗ್ಗುತ್ತದೆ. ಅಂದರೆ ಮುನ್ನೂರರಿಂದ ಐನೂರು ಪಟ್ಟು. ಬಿರುಕುಗಳು ಬರುತ್ತವೆ, ಆದರೆ ಒಂದು ದೊಡ್ಡದರ ಬದಲು ನೂರಾರು ಸಣ್ಣವು. ಒಂದೊಂದರ ಅಗಲ ಸುಮಾರು 60 ಮೈಕ್ರೋಮೀಟರಿನಷ್ಟೇ. ಅಷ್ಟು ಸಣ್ಣ ಬಿರುಕನ್ನು ಮಳೆನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣದ ಕಾರ್ಬೊನೇಟಿನಿಂದ ತಾವೇ ಮುಚ್ಚಬಲ್ಲವು. ಜಪಾನಿನ ಹೊಕ್ಕೈಡೊದಲ್ಲಿ ಮಿಹಾರಾ ಸೇತುವೆಯ ಹಾಸಿಗೆಗೆ, ಟೋಕಿಯೊದಲ್ಲಿ ಎತ್ತರದ ಕಟ್ಟಡಗಳ ಭೂಕಂಪ ತಡೆಯುವ ತೊಲೆಗಳಿಗೆ ಇದನ್ನು ಹಾಕಿದರು.

ಒಂದು ಶತಮಾನ ಅಂಟು ಹೆಚ್ಚಿಸಲು ಹೆಣಗಿದ ವಿದ್ಯೆ, ಗೆಲುವಿಗೆ ಬೇಕಾದದ್ದು ಅಂಟು ಕಡಿಮೆ ಮಾಡುವ ಚೂರು ಎಣ್ಣೆ ಎಂದು ಕಂಡ ಆ ಘಳಿಗೆಯನ್ನು ನೆನೆದಾಗಲೆಲ್ಲ ನಮಗೆ ರೋಮಾಂಚನವಾಗುತ್ತದೆ.

ಈಚಿನ ಅಧ್ಯಾಯ ಕಂಪ್ಯೂಟರಿನದು. 2009ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೋಲಾಂಡ್ ಪೆಲೆಂಕ್, ಫ್ರಾಂಜ್ ಉಲ್ಮ್, ಸಿಡ್ನಿ ಯಿಪ್ ಮತ್ತು ಸಂಗಡಿಗರು ಸಿ-ಎಸ್-ಎಚ್‌ನ ನಂಬಲರ್ಹವಾದ ಅಣುಮಾದರಿಯನ್ನು ಮುಂದಿಟ್ಟರು. ಅಲ್ಲಿಂದೀಚೆಗೆ ನಾರಿನ ಒಂದು ತುಣುಕನ್ನು ಆ ಮಾದರಿಯ ಮೈಗೆ ತಾಗಿಸಿ, ಎಳೆದು, ಯಾವ ಬಂಧ ಯಾವಾಗ ಕಳಚುತ್ತದೆ ಎಂದು ಪರದೆಯ ಮೇಲೆ ನೋಡಬಹುದಾಗಿದೆ. ಸಾಮಾನ್ಯವಾಗಿ ಜಡವಾಗಿರುವ ಇಂಗಾಲದ ನಾರನ್ನು ಆಮ್ಲದಿಂದಲೋ ಓಜೋನಿನಿಂದಲೋ ಉಪಚರಿಸಿ ಕಾರ್ಬಾಕ್ಸಿಲ್ ಗುಂಪು ಮೂಡಿಸಿದರೆ ಕ್ಯಾಲ್ಸಿಯಂ ಅದನ್ನು ಹಿಡಿಯುತ್ತದೆ ಎಂಬುದರ ಕಾರಣ ಈಗ ಅಣುವಿನ ಮಟ್ಟದಲ್ಲಿ ಕಾಣುತ್ತದೆ. ತೇವ ಒಳನುಗ್ಗಿದಾಗ ನೀರಿನ ಅಣುಗಳು ಬಂಧದ ಜಾಗ ಕಸಿದುಕೊಂಡು ಹಿಡಿತ ಸಡಿಲಿಸುವುದೂ ಕಾಣುತ್ತದೆ. ಆದರೆ ಈ ಲೆಕ್ಕಗಳ ಕಾಲಾವಧಿ ನ್ಯಾನೋಸೆಕೆಂಡುಗಳದ್ದು. ಗಾಜಿನ ಕಟ್ಟಿನೊಳಗೆ ಸುಣ್ಣ ಬೆಳೆದದ್ದು ವರ್ಷಗಳಲ್ಲಿ. ನಡುವಿನ ಕಂದರಕ್ಕೆ ಪರದೆಯ ಮೇಲಿನ ಚಿತ್ರ ಸೇತುವೆಯಾಗಲಾರದು.

ಕರ್ನಾಟಕಕ್ಕೆ ಈ ಮಾತು ನೇರವಾಗಿ ತಾಗುವುದು ಗಿಡದ ನಾರಿನ ವಿಷಯದಲ್ಲಿ. ತಿಪಟೂರು, ಅರಸೀಕೆರೆ ಸೀಮೆಯಲ್ಲಿ ತೆಂಗಿನ ನಾರು ರಾಶಿ ಬೀಳುತ್ತದೆ. ಬಯಲುಸೀಮೆಯ ಬದುಗಳಲ್ಲಿ ಕತ್ತಾಳೆ ನೀರಿಲ್ಲದೆ ಬೆಳೆಯುತ್ತದೆ. ಇವುಗಳ ಸೆಲ್ಯುಲೋಸಿನಲ್ಲಿ ಹೈಡ್ರಾಕ್ಸಿಲ್‌ಗಳಿಗೆ ಬರವಿಲ್ಲ, ಹಾಗಾಗಿ ಹಿಡಿತಕ್ಕೂ ಬರವಿಲ್ಲ. ತೊಡಕು ಬೇರೆ ಎರಡು ಕಡೆ. ನಾರಿನಿಂದ ಒಸರುವ ಸಕ್ಕರೆಯಂಶ ಸಿಮೆಂಟಿನ ಕಣಗಳ ಮೈಗೆ ಅಂಟಿ ಅದು ಗಟ್ಟಿಯಾಗುವುದನ್ನೇ ತಡಮಾಡುತ್ತದೆ. ಹಳಬರು ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರು, ಸಿಮೆಂಟಿಗೆ ಬೆಲ್ಲ ಆಗಿಬರುವುದಿಲ್ಲ. ನಾರನ್ನು ಚೆನ್ನಾಗಿ ನೆನೆಸಿ ತೊಳೆದರೆ ಈ ತೊಡಕು ನೀಗುತ್ತದೆ. ಇನ್ನೊಂದು ಅಷ್ಟು ಸುಲಭದ್ದಲ್ಲ. ಸ್ವೀಡನ್ನಿನ ಹಾನ್ಸ್-ಎರಿಕ್ ಗ್ರಾಮ್ 1983ರಲ್ಲಿ ಕತ್ತಾಳೆ ಜಾತಿಯ ನಾರಿನ ಕಾಂಕ್ರೀಟನ್ನು ಅಭ್ಯಾಸ ಮಾಡಿ ತೋರಿಸಿದಂತೆ, ನಾರಿನ ಕೋಶಗಳನ್ನು ಬೆಸೆದ ಲಿಗ್ನಿನ್, ಹೆಮಿಸೆಲ್ಯುಲೋಸ್ ಕ್ಷಾರದಲ್ಲಿ ಕರಗುತ್ತವೆ. ಒದ್ದೆ, ಒಣಗು, ಒದ್ದೆ, ಒಣಗು ಎಂಬ ಋತುಗಳ ಓಡಾಟದಲ್ಲಿ ನಾರಿನ ಟೊಳ್ಳಿನೊಳಗೆ ಸುಣ್ಣ ತುಂಬಿಕೊಳ್ಳುತ್ತದೆ. ಬಳುಕುತ್ತಿದ್ದ ನಾರು ಕಲ್ಲಾಗುತ್ತದೆ. ಗಾಜಿನ ಹಲಗೆಗೆ ಆದದ್ದೇ ಇಲ್ಲಿಯೂ ಆಗುವುದು.

ಮದ್ದೂ ಅದೇ, ಸುಣ್ಣವನ್ನು ಕಡಿಮೆ ಮಾಡುವುದು. ಅದಕ್ಕೆ ಬೇಕಾದ ಹಾರುಬೂದಿ ರಾಯಚೂರಿನ ಶಕ್ತಿನಗರದಲ್ಲಿ ಗುಡ್ಡದಂತೆ ಬೀಳುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟನ್ನು ಹದವಾದ ಕಾವಿನಲ್ಲಿ ಉರಿಸಿದರೆ ಸಿಗುವ ಬೂದಿ ಇನ್ನೂ ಚುರುಕು. ಕಾವು ಮೀರಿದರೆ ಅದರ ಸಿಲಿಕಾ ಹರಳುಗಟ್ಟಿ ಮಂದವಾಗುತ್ತದೆ ಎಂಬುದಷ್ಟೇ ಎಚ್ಚರ. ನಾರು, ಬೂದಿ, ಸಿಮೆಂಟು ಮೂರೂ ಒಂದೇ ರಾಜ್ಯದಲ್ಲಿ ಇರುವಾಗ ಕಲ್ನಾರಿಲ್ಲದ ಮಾಡಿನ ಹಾಳೆಯನ್ನು ನಮ್ಮದೇ ಸರಕಿನಿಂದ ಮಾಡುವ ಹಂಬಲವನ್ನು ನಾವು ಬಿಡಲಾರೆವು.

ಆದರೆ ಅದನ್ನು ಪರೀಕ್ಷಿಸುವ ಬಗೆ ಬದಲಾಗಬೇಕು. ಕಾಂಕ್ರೀಟಿನ ಲೋಕ 28 ದಿನಗಳ ಲೆಕ್ಕಕ್ಕೆ ಒಗ್ಗಿಹೋಗಿದೆ. ಅಚ್ಚಿಗೆ ಹಾಕಿದ 28ನೆಯ ದಿನ ಒಡೆದು ನೋಡಿ, ಅಂಕಿ ಬರೆದು, ಕಡತ ಮುಚ್ಚುವುದು. ಸಿಮೆಂಟಿನ ಸಾಮರ್ಥ್ಯಕ್ಕೆ ಅದು ಸಾಕಾಗಬಹುದು. ನಾರಿನ ಹಿಡಿತ 28ನೆಯ ದಿನ ಚೆನ್ನಾಗಿಯೇ ಇರುತ್ತದೆ, ಕೆಡುವುದು ಹತ್ತನೆಯ ಮಳೆಗಾಲದ ಹೊತ್ತಿಗೆ. ಬಿಸಿನೀರಿನಲ್ಲಿ ಮುಳುಗಿಸಿ ಬೇಗ ಮುದಿಯಾಗಿಸುವ ಪರೀಕ್ಷೆಗಳಿವೆ. ಅವು ಸೂಚನೆ ಕೊಡುತ್ತವೆ, ಮಲೆನಾಡಿನ ನಾಲ್ಕು ತಿಂಗಳ ಜಡಿಮಳೆಯನ್ನೂ ಅದರ ಹಿಂದೆ ಬರುವ ಬಿಸಿಲನ್ನೂ ಪಾತ್ರೆಯಲ್ಲಿ ಮಾಡಿ ತೋರಿಸಲಾರವು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮುಂದೆ ನಾವಿಡುವ ಕೋರಿಕೆ ಚಿಕ್ಕದು. ತೆಂಗಿನ ನಾರು, ಕತ್ತಾಳೆ, ಪಾಲಿವಿನೈಲ್ ಆಲ್ಕೋಹಾಲ್, ಗಾಜು ಬೆರೆಸಿದ ಪಟ್ಟಿಗಳನ್ನು ನೂರರ ಲೆಕ್ಕದಲ್ಲಿ ಎರಕ ಹೊಯ್ದು, ಮೈಮೇಲೆ ದಿನಾಂಕ ಕೆತ್ತಿ, ಆಗುಂಬೆಯ ಮಳೆಗೆ, ರಾಯಚೂರಿನ ಬಿಸಿಲಿಗೆ, ಕಾರವಾರದ ಉಪ್ಪುಗಾಳಿಗೆ ಬಿಡಿ. ಪ್ರತಿ ಎರಡು ವರ್ಷಕ್ಕೊಮ್ಮೆ ಕೆಲವನ್ನು ಇಳಿಸಿ ಮುರಿಯಿರಿ. ಅಂಕಿಯ ಜೊತೆಗೆ ಮುರಿದ ಅಂಚಿನ ಚಿತ್ರವನ್ನೂ ಇಡಿ. ಇವತ್ತು ಎರಕ ಹೊಯ್ಯುವ ವಿದ್ಯಾರ್ಥಿ ಪದವಿ ಮುಗಿಸಿ ಹೋದ ಮೇಲೆ ಉಳಿದ ಪಟ್ಟಿಗಳನ್ನು ಇಳಿಸುವವರು ಯಾರು ಎಂಬ ಹೆಸರೂ ಆ ದಿನವೇ ದಾಖಲೆ ಪುಸ್ತಕದಲ್ಲಿ ಬರೆದಿರಲಿ.